ಚಿಂದಿ ಕಟ್ಟಿದ ಹೀರೇಕಾಯಿ

ಅಕ್ಕನ ಚಿತ್ರಪ್ರದರ್ಶನಕ್ಕೆ ನಾನು ಬರೆದುಕೊಟ್ಟ ಟಿಪ್ಪಣಿಯ ಮೊದಲ ವಾಕ್ಯ ಹೀಗಿತ್ತು: ‘ಪ್ರಕೃತಿಯ ಗರ್ಭದಲ್ಲಿ ಹೆಣ್ಣು ತನ್ನನ್ನೇ ಕಂಡುಕೊಳ್ಳುವ ಬಗೆಯನ್ನು ಈ ಕಲಾವಿದೆ ಬೀಜ, ಕಾಯಿ, ಬಳ್ಳಿಗಳ ಮೂಲಕ ಶೋಧಿಸುತ್ತಾರೆ.’ ಇದನ್ನು ಬರೆಯಲು ಚಿತ್ರಗಳನ್ನು ನೋಡುವ ಅಗತ್ಯವೇ ಇರಲಿಲ್ಲ. ಹೆಣ್ಣುಮಗಳೊಬ್ಬಳು ಬದನೆಕಾಯಿ ಬರೆದರೂ ಸಾಕು, ಓದಿದ ಗಂಡಸರಿಗೆ ಅದರಲ್ಲಿ ಗರ್ಭ ಕಾಣಿಸುತ್ತದೆ. ಗಂಡಸು ಬರೆದರೆ ಅದು ಬದನೆಕಾಯಿಯಾಗಿಯೇ ಉಳಿಯುತ್ತದೆ. ಇದನ್ನು ಬೇರೆಯವರ ಬಗ್ಗೆ ನಾನು ಎಷ್ಟೋ ಸಲ ಹೇಳಿ ನಗಿಸಿದ್ದೇನೆ. ಆದರೂ ಟಿಪ್ಪಣಿ ಬರೆಯಲು ಕೂತಾಗ ನನ್ನ ಕೈಯಿಂದ ಬಂದದ್ದೂ ಅದೇ.

ನಾನು ಧಾರವಾಡದಲ್ಲಿ ಇತಿಹಾಸ ಓದಿದವನು. ಅಲ್ಲಿ ಕಲಿತದ್ದರಲ್ಲಿ ಉಳಿದಿರುವುದು ಒಂದೇ: ಕಣ್ಣಾರೆ ಕಂಡೆ ಎನ್ನುವವನನ್ನು ಮೊದಲು ಅನುಮಾನಿಸು. ಆ ಮೇಲೆ ಮುಧೋಳದಲ್ಲಿ ಎರಡು ವರ್ಷ, ಬೀಳಗಿಯಲ್ಲಿ ಒಂದು ವರ್ಷ, ಜಮಖಂಡಿಯಲ್ಲಿ ಒಂದಾದ ಮೇಲೊಂದರಂತೆ ಮೂರು ಕಡೆ ಪಾಠ ಹೇಳಿದೆ. ಎಲ್ಲಿಯೂ ನಿಲ್ಲಲಿಲ್ಲ. ಹೋದಲ್ಲೆಲ್ಲ ಊರ ಹಿರಿಯರ ನೆನಪುಗಳನ್ನು, ವಂಶದ ಕಥೆಗಳನ್ನು, ನಮ್ಮಜ್ಜ ಕುದುರೆ ಮೇಲೆ ಬರುತ್ತಿದ್ದ ಎನ್ನುವವರ ಕುದುರೆಗಳನ್ನು ಅನುಮಾನಿಸುತ್ತ ಬಂದೆ. ನನ್ನ ಸ್ವಂತ ನೆನಪೊಂದನ್ನು ಮಾತ್ರ ಮೂವತ್ತೈದು ವರ್ಷಕ್ಕೂ ಮಿಕ್ಕಿ ಯಾವ ಪ್ರಶ್ನೆಯೂ ಕೇಳದೆ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಅದು ಒಂದು ಹೀರೇಕಾಯಿಯ ನೆನಪು.

ನನಗೆ ಮೂರು ವರ್ಷವಿದ್ದಾಗ ಅಪ್ಪ ತೀರಿಕೊಂಡ. ಅವ್ವ ಅಕ್ಕನನ್ನೂ ನನ್ನನ್ನೂ ಕರೆದುಕೊಂಡು ಹುನ್ನೂರಿನ ತವರುಮನೆಗೆ ಬಂದಳು. ಅಲ್ಲಿ ಅವ್ವನ ತಾಯಿ, ಅಂದರೆ ನಮ್ಮ ಆಯಿ, ಮತ್ತು ಅವಳ ಕಿರಿಯ ಮಗ, ಅಂದರೆ ನಮ್ಮ ಸೋದರಮಾವ. ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. ಮಾವ ಅವಳಿಗಿಂತ ಹನ್ನೊಂದು ವರ್ಷ ದೊಡ್ಡವನು. ಅಕ್ಕನನ್ನು ತೊಟ್ಟಿಲಿಗೆ ಹಾಕಿದ ದಿನವೇ ಆಯಿ ‘ಇದು ನನ್ನ ಮಗನದು’ ಎಂದಿದ್ದಳಂತೆ. ಸೋದರಮಾವನಿಗೆ ಕೊಡುವುದು ನಮ್ಮ ಕಡೆ ಎಷ್ಟು ಸಹಜವೆಂದರೆ, ಅದರ ಬಗ್ಗೆ ಯಾರೂ ಮಾತಾಡುವುದೂ ಇಲ್ಲ. ಹೆಣ್ಣು ನೋಡಲು ಹೊರಟ ಬೀಗರು ನಮ್ಮ ಓಣಿಗೆ ಬಂದರೆ ನಮ್ಮ ಮನೆ ದಾಟಿ ಮುಂದೆ ಹೋಗುತ್ತಿದ್ದರು. ಹದಿನೆಂಟು ತುಂಬಿದ ತಿಂಗಳಲ್ಲೇ ಅಕ್ಕನ ಮದುವೆಯಾಯಿತು. ಗಂಡನ ಮನೆಗೆ ಹೋಗಲು ಅವಳು ತಲೆಬಾಗಿಲ ಹೊಸ್ತಿಲನ್ನೂ ದಾಟಲಿಲ್ಲ. ಪಡಸಾಲೆಯಿಂದ ಒಳಕೋಣೆಗೆ ಹೋದಳು, ಅಷ್ಟೇ.

ಇನ್ನು ಹೀರೇಕಾಯಿ. ಹಿತ್ತಿಲ ಬೇಲಿಯ ಮೇಲೆ ಆಯಿ ಪ್ರತಿವರ್ಷ ಬಳ್ಳಿ ಹಬ್ಬಿಸುತ್ತಿದ್ದಳು. ಬಳ್ಳಿ ಕಾಯಿ ಬಿಡತೊಡಗಿದಾಗ ಅದರಲ್ಲಿ ನೆಟ್ಟಗೆ, ಮೈತುಂಬಿ ಬಂದ ಒಂದನ್ನು ಬೀಜಕ್ಕೆ ಬಿಡುವುದು ರೂಢಿ. ಗುರುತಿಗೆ ಅದರ ತೊಟ್ಟಿಗೊಂದು ಹಳೆಯ ಬಟ್ಟೆಯ ಚಿಂದಿ ಕಟ್ಟುತ್ತಾರೆ. ಕಟ್ಟಿದ ಮೇಲೆ ಮನೆಯವರಿರಲಿ, ಬೇಲಿ ಹಾರಿ ಬಂದ ಕಳ್ಳನೂ ಅದನ್ನು ಹರಿಯುವುದಿಲ್ಲ. ಉಳಿದ ಕಾಯಿಗಳೆಲ್ಲ ಎಳೆಯವಿದ್ದಾಗಲೇ ಪಲ್ಯವಾಗಿ ಹೋಗುತ್ತವೆ. ಇದೊಂದು ಮಾತ್ರ ಬಳ್ಳಿಯ ಎಲೆ ಉದುರುವವರೆಗೂ ಜೋತಾಡುತ್ತದೆ. ಒಣಗಿ, ಒಳಗೆಲ್ಲ ಜಾಳಿಗೆಯಂಥ ನಾರಾಗಿ, ಅಲುಗಿಸಿದರೆ ಬೀಜ ಗಲಗಲ ಅನ್ನುತ್ತದೆ. ಆಗ ಬಡಿದು ಬೀಜ ತೆಗೆದುಕೊಂಡು, ನಾರಿನಿಂದ ಪಾತ್ರೆ ತಿಕ್ಕುತ್ತಾರೆ.

ಅಕ್ಕನ ನಿಶ್ಚಯಕ್ಕೆ ಒಂದು ವಾರವಿರುವಾಗ ಆ ಚಿಂದಿಯನ್ನು ನಾನು ಬಿಚ್ಚಿದೆ. ಬಿಚ್ಚಿದೆ ಎಂದು ನನ್ನ ನೆನಪು. ಮರುದಿನ ಅವ್ವ ಗುರುತಿಲ್ಲದ ಕಾಯಿಯನ್ನು ಹರಿದು ಪಲ್ಯ ಮಾಡಿದಳು. ಬಲಿತಿತ್ತು, ನಾರು ಹಲ್ಲಿಗೆ ಸಿಕ್ಕು ನಾಲಿಗೆಯಿಂದ ಸಂಜೆಯವರೆಗೂ ಕೆದಕುತ್ತಿದ್ದೆ. ಬಳ್ಳಿಗೆ ನೀರು ಹಾಕುವವಳು ಅಕ್ಕನಾದ್ದರಿಂದ ಆಯಿ ಅಕ್ಕನಿಗೆ ಹೊಡೆದಳು. ನಾನು ಬಾಯಿ ಬಿಡಲಿಲ್ಲ. ಧಾರವಾಡದ ಚಹಾದಂಗಡಿಗಳಲ್ಲಿ ಮೊದಲ ಸಲ ಇದನ್ನು ಹೇಳಿದಾಗ, ಗಾಳಿಪಟದ ಬಾಲಕ್ಕೆ ಬಟ್ಟೆ ಬೇಕಾಗಿತ್ತು, ಅದಕ್ಕೆ ಬಿಚ್ಚಿದೆ ಎಂದಿದ್ದೆ. ಎಂ.ಎ. ಮುಗಿಸುವಷ್ಟರಲ್ಲಿ ಗಾಳಿಪಟ ಹಾರಿಹೋಗಿತ್ತು; ಅಕ್ಕನ ಮದುವೆಯ ವಿರುದ್ಧ ಹದಿಮೂರರ ತಮ್ಮನ ಪ್ರತಿಭಟನೆ ಉಳಿದಿತ್ತು. ಗೆಳೆಯರು ತಲೆದೂಗುತ್ತಿದ್ದರು. ಒಬ್ಬನಂತೂ ನನ್ನ ಚಹಾದ ದುಡ್ಡು ತಾನೇ ಕೊಟ್ಟ.

ಮದುವೆಯಾದ ಎರಡು ವರ್ಷಕ್ಕೆ ಮಾವ ಬನಹಟ್ಟಿಗೆ ಹೋಗಿ ವಿದ್ಯುತ್ ಮಗ್ಗಗಳನ್ನು ಹಾಕಿದ. ಸೀರೆಯ ಅಂಚಿನ ವಿನ್ಯಾಸಗಳನ್ನು ಚೌಕುಳಿ ಕಾಗದದ ಮೇಲೆ ತೆಗೆದುಕೊಡುವವನು ಕೈಕೊಟ್ಟಾಗ ಅಕ್ಕ ಪೆನ್ಸಿಲು ಹಿಡಿದಳು. ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವ ಕೆಲಸದ ನಡುವೆ, ಮಕ್ಕಳಿಬ್ಬರನ್ನು ಸಾಕುವುದರ ನಡುವೆ, ಹೂವು, ಎಲೆ, ಗಿಳಿ ಬರೆದಳು. ಹಳೆಯ ಕಾಗದಗಳ ಬೆನ್ನಿಗೆ ತನಗೆ ಬೇಕಾದದ್ದನ್ನು ಬರೆದಳು. ಮಕ್ಕಳು ದೊಡ್ಡವರಾದ ಮೇಲೆ, ನೇಯ್ಗೆ ತಪ್ಪಿ ಉಳಿದ ದಪ್ಪ ಬಟ್ಟೆಯನ್ನು ಗೋಡೆಗೆ ಬಿಗಿದು ಬಣ್ಣ ಹಚ್ಚತೊಡಗಿದಳು. ಇದೆಲ್ಲ ನಡೆಯುತ್ತಿದ್ದಾಗ ನಾನು ಹದಿನೈದು ದಿನಕ್ಕೊಮ್ಮೆ ಆ ಮನೆಯಲ್ಲಿ ಉಂಡು ಬರುತ್ತಿದ್ದೆ. ಗೋಡೆಯ ಮೇಲೆ ಏನೋ ಇರುತ್ತಿತ್ತು. ಏನೆಂದು ಕೇಳಿದವನಲ್ಲ.

ಕೇಳಿದ್ದು ಜಮಖಂಡಿಯ ನನ್ನ ಅಧ್ಯಾಪಕ ಮಿತ್ರ. ಅವನಿಗೆ ಪ್ರತಿವರ್ಷ ಮಹಿಳಾ ದಿನಾಚರಣೆಗೆ ಒಬ್ಬ ಮಹಿಳೆ ಬೇಕಾಗುತ್ತಾಳೆ. ಹೋದ ಸಲ ರೊಟ್ಟಿ ಬಡಿಯುವವರನ್ನು ಕರೆದು ಸನ್ಮಾನಿಸಿ ಆಗಿತ್ತು. ‘ನಿಮ್ಮ ಅಕ್ಕಾರು ಚಿತ್ರಾ ತಗೀತಾರಂತಲ್ಲೋ, ಸಭಾಂಗಣ ನಾ ಕೊಡಸ್ತೇನಿ, ಟಿಪ್ಪಣಿ ನೀ ಬರಿ’ ಎಂದ. ಹಾಗೆ ನಾನು ನನ್ನ ಅಕ್ಕನ ಚಿತ್ರಗಳನ್ನು ಮೊದಲ ಸಲ ನೋಡಲು, ನೋಟುಪುಸ್ತಕ ಹಿಡಿದುಕೊಂಡು, ಬನಹಟ್ಟಿಗೆ ಹೋದೆ.

ಮನೆಯ ಮುಂಭಾಗದಲ್ಲಿ ಮಗ್ಗಗಳು ಖಟಪಟ ಅನ್ನುತ್ತಿದ್ದವು. ನೂಲಿನ ಪೆಂಡಿಗಳನ್ನಿಡುವ ಹಿಂದಿನ ಕೋಣೆಯಲ್ಲಿ ಅಕ್ಕ ಒಂದೊಂದೇ ಬಟ್ಟೆಯನ್ನು ಬಿಚ್ಚಿ ಹಾಸಿದಳು. ಬಿರಿದ ಹತ್ತಿಯ ಕಾಯಿ. ಹತ್ತಿಯನ್ನು ಬಿಡಿಸಿಕೊಂಡು ಹೋದ ಮೇಲೆ ಉಳಿಯುವ, ಉಗುರಿನಂತೆ ಚುಚ್ಚುವ ಖಾಲಿ ಸಿಪ್ಪೆ. ಗಲಗಲಿಯ ಹೊಳೆದಂಡೆಯಲ್ಲಿ ನೀರಿಳಿದ ಮೇಲೆ ಸೀಳುಬಿಟ್ಟ ಕೆಸರು, ಅದರ ಮೇಲೆ ಒಂದು ಹೆಜ್ಜೆಯೂ ಇಲ್ಲ. ಕಡಿದ ಕಬ್ಬಿನ ಬುಡಗಳು, ಒಂದೊಂದರ ಪಕ್ಕಕ್ಕೂ ಚಿಗುರು.

‘ಇದೇನಕ್ಕಾ?’

‘ಕಣ್ಣ ಕಾಣಂಗಿಲ್ಲೇನ? ಕೂಳಿ ಕಬ್ಬು.’

‘ಅದು ಗೊತ್ತಾತು. ಏನ್ ಹೇಳ್ತೈತಿ ಇದು?’

‘ಕಬ್ಬು ಏನ್ ಹೇಳ್ತೈತೋ ತಮ್ಮಾ. ಕಡದ ಮ್ಯಾಲೂ ಬರ್ತೈತಿ. ಬರ್ತೈತಲ್ಲಾ ಅಂತ ಮತ್ತ ಕಡೀತಾರ.’

ನಾನು ಪುಸ್ತಕದಲ್ಲಿ ‘ಪುನರುಜ್ಜೀವನ’ ಎಂದು ಬರೆದುಕೊಂಡೆ.

ಕೊನೆಗೆ ಅವಳು ಎಲ್ಲಕ್ಕಿಂತ ದೊಡ್ಡದನ್ನು ತೆಗೆದಳು. ಆಳೆತ್ತರದ ಬಟ್ಟೆ, ಅದರ ತುಂಬ ಒಂದೇ ಒಂದು ಒಣ ಹೀರೇಕಾಯಿ. ಏಣುಗಳು ಪಕ್ಕೆಲುಬಿನಂತೆ ಎದ್ದಿದ್ದವು. ಒಂದು ಕಡೆ ಸಿಪ್ಪೆ ಹರಿದು ಒಳಗಿನ ನಾರಿನ ಬಲೆ ಕಾಣುತ್ತಿತ್ತು. ಚೌಕುಳಿ ಕಾಗದದಲ್ಲಿ ಪಳಗಿದ ಕೈ ಆ ಬಲೆಯ ಎಳೆಎಳೆಯನ್ನೂ ಎಣಿಸಿ ಬರೆದಂತಿತ್ತು. ಬಲೆಯೊಳಗೆ ಕಪ್ಪು ಬೀಜಗಳು, ಹೊರಬರಲು ದಾರಿಯಿಲ್ಲದೆ. ತೊಟ್ಟು ಮೇಲಿನ ಅಂಚಿನವರೆಗೂ ಹೋಗಿತ್ತು, ಅದರ ಮೇಲೊಂದು ಸವೆದ ಗೆರೆ. ಬಹಳ ದಿನ ಏನನ್ನೋ ಬಿಗಿದು ಕಟ್ಟಿದ್ದ ಜಾಗ.

‘ಇದು ನಮ್ಮ ಹುನ್ನೂರ ಹೀರಿಕಾಯಿ ಹೌದಲ್ಲ?’

‘ಹೌದನ್ನು.’

‘ಚಿಂದಿ ಎಲ್ಲೈತಿ?’

‘ಬಿಚ್ಚೇತಲ್ಲ.’

ಹಾಗೆಂದು ನನ್ನ ಮುಖ ನೋಡಿದಳು. ಅಥವಾ ನನ್ನ ಹಿಂದಿದ್ದ ಕಿಟಕಿಯನ್ನು ನೋಡಿದಳು. ನನಗೆ ಮಾತ್ರ ಒಳಗೊಳಗೇ ಹಿಗ್ಗಾಯಿತು. ನನ್ನ ಪ್ರತಿಭಟನೆಯನ್ನು ಅಕ್ಕ ಮರೆತಿಲ್ಲ, ಆಳೆತ್ತರ ಬರೆದಿದ್ದಾಳೆ ಎಂದುಕೊಂಡೆ.

‘ನೋಡು, ಹೆಸರು ಗಿಸರು ಏನೂ ಹಾಕಬ್ಯಾಡ,’ ಎಂದಳು ಅಕ್ಕ. ‘ಮತ್ತ ಇದನ್ನ ಯಾರಿಗೂ ಕೊಡೂದಿಲ್ಲ. ಉಳಿದೂವು ಬೇಕಾರ ಯಾರರ ಒಯ್ಯಲಿ. ಇದು ಹೊಳ್ಳಿ ಮನಿಗೇ ಬರಬೇಕು. ಕೇಳಿಸಿತೇನ?’

ಕೇಳಿಸಿತು. ಚಹಾ ಕುಡಿಯುತ್ತಿದ್ದೆ, ತಲೆಯಾಡಿಸಿದೆ.

ನಾಲ್ಕು ದಿನದ ಮೇಲೆ ನಾನು ಮುಧೋಳದ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಮಿತ್ರನ ಫೋನು ಬಂತು. ನಾನು ಕಳಿಸಿದ ಫೋಟೋಗಳನ್ನು ಅವನು ಮುಖ್ಯ ಅತಿಥಿಗೆ ತೋರಿಸಿದ್ದನಂತೆ. ಅತಿಥಿಯೆಂದರೆ ಒಬ್ಬ ನಿವೃತ್ತ ಅಧಿಕಾರಿ. ಅವರ ಒಂದು ಮಾತಿನಿಂದ ಸಭಾಂಗಣ ಸಿಕ್ಕಿತ್ತು. ನಮ್ಮ ಕಡೆ ಕಾರ್ಯಕ್ರಮ ಯಾವುದೇ ಇರಲಿ, ಅತಿಥಿ ಬರಿಗೈಯಲ್ಲಿ ಹೋಗಬಾರದು. ಕವಿಗೋಷ್ಠಿಯಾದರೆ ಪುಸ್ತಕದ ಕಟ್ಟು, ಕೃಷಿಮೇಳವಾದರೆ ಬೆಲ್ಲದ ಪೆಂಟೆ, ಚಿತ್ರಪ್ರದರ್ಶನವಾದರೆ ಅಲ್ಲಿನ ಅತ್ಯಂತ ದೊಡ್ಡ ಚಿತ್ರ.

‘ಆ ಹೀರಿಕಾಯಿದು ಸಾಹೇಬ್ರ ಮನಸಿಗೆ ಬಂದೈತಿ. ಸನ್ಮಾನದಾಗ ಅದನ್ನ ಕೊಟ್ಟಬಿಡೂಣು. ಅಕ್ಕಾರು ಒಪ್ತಾರಲ್ಲ?’

‘ಒಪ್ತಾರ, ಒಪ್ತಾರ. ನಾ ಹೇಳ್ತೇನಿ.’

‘ಹೆಸರೇನು ಹಾಕಸಲಿ?’

‘ಮಾತೃತ್ವ,’ ಎಂದೆ.

ಕೊಟ್ಟದ್ದು, ಹೆಸರಿಟ್ಟದ್ದು, ಎರಡೂ ಒಂದೇ ಉಸಿರಿನಲ್ಲಿ ಆದವು. ಯಾಕೆ ಹಾಗೆಂದೆ ಎಂದು ಈಗ ಕಾರಣ ಹುಡುಕಿದರೆ ಸಿಗುತ್ತವೆ, ಕಾರಣಗಳಿಗೇನು ಬರ. ಬಸ್ಸು ಹೊರಡುವುದರಲ್ಲಿತ್ತು. ಅಕ್ಕನಿಗೂ ಗೌರವವೇ ಅಲ್ಲವೇ ಎನ್ನಿಸಿತ್ತು. ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಹೇಳಲಿಲ್ಲ.

ಪ್ರದರ್ಶನದ ದಿನ ಬೆಳಿಗ್ಗೆ ಸಭಾಂಗಣದ ಬಾಗಿಲಲ್ಲಿ ದೊಡ್ಡ ಫ್ಲೆಕ್ಸು. ಅದರಲ್ಲಿ ಸಾಹೇಬರ ಮುಖ ಗಾಡಿಯ ಗಾಲಿಯಷ್ಟು, ಮಿತ್ರನದು ತಾಟಿನಷ್ಟು, ಅಕ್ಕನದು ಮೂಲೆಯಲ್ಲಿ ಹಪ್ಪಳದಷ್ಟು. ಮಾವ ತನ್ನ ಟೆಂಪೋದಲ್ಲಿ ಚಿತ್ರಗಳನ್ನು ತಂದು ಹಿಂದಿನ ದಿನವೇ ಇಳಿಸಿ ಹೋಗಿದ್ದ. ಈಗ ಅಕ್ಕನನ್ನೂ ಅವ್ವನನ್ನೂ ಕರೆತಂದ. ಬಿಳಿ ಅಂಗಿ ತೊಟ್ಟು, ಯಾರದೋ ಮದುವೆಗೆ ಬಂದವನಂತೆ ಮುಂದಿನ ಸಾಲಿನಲ್ಲಿ ಕೂತ. ಎಂಬತ್ತು ದಾಟಿದ ಅವ್ವ ಅವನ ಪಕ್ಕ ಕೂತು ಫ್ಯಾನು ಎಲ್ಲಿದೆ ಎಂದು ಹುಡುಕಿದಳು.

ಅಕ್ಕ ಗೋಡೆಗುಂಟ ನಡೆದು ಬಂದು ಹೀರೇಕಾಯಿಯ ಮುಂದೆ ನಿಂತಳು. ಕೆಳಗೆ ಹೊಳೆಯುವ ಚೀಟಿ: ‘ಮಾತೃತ್ವ’. ಪಕ್ಕದಲ್ಲಿ ದಪ್ಪ ಹಲಗೆಗೆ ಅಂಟಿಸಿದ ನನ್ನ ಟಿಪ್ಪಣಿ. ಅವಳು ಚಸ್ಮಾ ಹಾಕಿಕೊಂಡು ಅದನ್ನು ಮೊದಲಿಂದ ಕೊನೆಯವರೆಗೆ ಓದಿದಳು. ಒಂದು ಸಾಲಿಗೆ ಬಂದಾಗ ಬೆರಳಿಟ್ಟಳು. ಆ ಸಾಲು ನನಗೆ ಬಾಯಿಪಾಠವಿತ್ತು: ‘ಕಲಾವಿದೆಯ ವಿವಾಹದ ಪೂರ್ವದಲ್ಲಿ ಈ ಲೇಖಕನೇ ಬಾಲಸಹಜ ಬಂಡಾಯದಿಂದ ಆ ಚಿಂದಿಯನ್ನು ಬಿಚ್ಚಿದ ಘಟನೆ ಈ ಕೃತಿಯ ಮೂಲದಲ್ಲಿದೆ.’

‘ನೀ ಬಿಚ್ಚಿದ್ಯಾ?’ ಎಂದಳು.

‘ಹೌದಲ್ಲ.’

‘ಯಾವಾಗ?’

‘ನಿನ್ನ ನಿಶ್ಚಯದ ಮುಂಚೆ. ನಿನಗ ಹೊಡದರಲ್ಲ ಆಯಿ...’

‘ನನಗ ಯಾಕ ಹೊಡದ್ರೋ? ಮಾಡಿದಾಕಿ ನಾನ, ಅದಕ್ಕ ಹೊಡದ್ರು. ನಾ ಬಿಚ್ಚಿದ್ನಿ. ಹಲ್ಲಿಲೆ ಬಿಚ್ಚಿದ್ನಿ, ಗಂಟು ಹಂಗ ಬಿಗದಿತ್ತು. ಅವತ್ತ ಆಯಿ ಬಳ್ಳಿ ಮುಂದ ನಿಂತು ನಿನ್ನೂ ಹಿಂಗ ಕಟ್ಟೇನಿ, ಯಾರೂ ಮುಟ್ಟಂಗಿಲ್ಲ ಅಂದ್ರು. ಅಂದು ನಕ್ಕರು. ನೀ ಅಲ್ಲಿ ಇದ್ದಿಲ್ಲ. ಉಡಾಳ, ಊರ ತಿರಗಾಕ ಹೋಗಿದ್ದಿ.’

‘ನನಗ ನೆನಪೈತಿ ಅಕ್ಕಾ, ಗಾಳಿಪಟಕ್ಕ...’

‘ಗಾಳಿಪಟಕ್ಕೋ, ಬಂಡಾಯಕ್ಕೋ? ಒಂದ್ ಮಾತ ಹೇಳು.’

ಗಂಟು ಬಿಚ್ಚಿದ ನನ್ನ ಬೆರಳುಗಳನ್ನು ನೆನಪಿಸಿಕೊಳ್ಳಲು ಯತ್ನಿಸಿದೆ. ಬೆರಳು ಕಾಣಲಿಲ್ಲ, ಗಂಟೂ ಕಾಣಲಿಲ್ಲ. ಅದನ್ನು ಹೇಳುತ್ತ ಕೂತಿದ್ದ ಚಹಾದಂಗಡಿಯ ಬೆಂಚು ಮಾತ್ರ ಸ್ಪಷ್ಟವಾಗಿ ಕಂಡಿತು. ಹಲ್ಲಿಗೆ ಸಿಕ್ಕ ನಾರು ಖರೆ. ಪಲ್ಯ ಉಂಡದ್ದು ಖರೆ. ಅಷ್ಟಕ್ಕೇ ನಾನು ಸಾಕ್ಷಿ.

ಅಷ್ಟರಲ್ಲಿ ಮಿತ್ರ ಶಾಲು ಹಾರಗಳ ತಟ್ಟೆ ಹಿಡಿದುಕೊಂಡು ಬಂದ. ‘ಅಕ್ಕಾರ, ಭಾಳ ದೊಡ್ಡ ಮನಸು ಮಾಡಿದ್ರಿ. ಸಾಹೇಬ್ರಿಗೆ ಭಾಳ ಖುಷಿ ಆಗೇತ್ರಿ. ಅವರ ಮನಿ ಹಾಲ್‌ನ್ಯಾಗ ಸೋಫಾದ ಮ್ಯಾಲ ಜಾಗಾ ಮಾಡ್ಸ್ಯಾರಂತ.’

ಅಕ್ಕ ಅವನನ್ನು ನೋಡಲಿಲ್ಲ. ನನ್ನನ್ನು ನೋಡಿದಳು.

‘ಯಾರನ್ನ ಕೇಳಿ ಕೊಟ್ಟಿ?’

‘ಅಕ್ಕಾ, ಅದು ಏನಂದ್ರ...’

‘ಕೊಟ್ಟಾಂವ ನೀ. ಹೆಸರಿಟ್ಟಾಂವ ನೀ. ಬಿಚ್ಚಿದಾಂವನೂ ನೀನ. ಮತ್ತ ನಾ ಏನ್ ಮಾಡಾಕ ಬಂದೇನಿ ಇಲ್ಲಿ, ಆರತಿ ಹಿಡೀಲಿ?’

ಹೊರಗೆ ಕಾರಿನ ಬಾಗಿಲು ಬಡಿದ ಸದ್ದಾಯಿತು. ಮಿತ್ರ ಓಡಿದ. ನಾನೂ ಓಡಿದೆ. ಅಕ್ಕನಿಗೆ ಉತ್ತರ ಕೊಡುವುದಕ್ಕಿಂತ ಸಾಹೇಬರ ಕಾರಿನ ಬಾಗಿಲು ಹಿಡಿಯುವುದು ಆ ಕ್ಷಣದಲ್ಲಿ ಸುಲಭವಾಗಿತ್ತು.

ಮುಂದಿನ ಒಂದು ಗಂಟೆಯನ್ನು ನಾನು ಮರೆತಿದ್ದರೆ ಚೆನ್ನಾಗಿತ್ತು. ನೆನಪು ಅಂಥ ಉಪಕಾರ ಮಾಡುವುದಿಲ್ಲ. ಫ್ಯಾನಿನ ಗಾಳಿಗೆ ದೀಪ ಹತ್ತಲಿಲ್ಲ. ಫ್ಯಾನು ಆರಿಸಿದರು, ದೀಪ ಹತ್ತಿತು, ಅವ್ವ ಸೆರಗಿನಿಂದ ಗಾಳಿ ಹಾಕಿಕೊಂಡಳು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ. ಚಿತ್ರಗಳ ಕಡೆ ಬೆನ್ನು ಮಾಡಿ ಕೂತ ಎಂಟು ಜನ ಗಂಡಸರು ಹೆಣ್ಣಿನ ಬಗ್ಗೆ ಮಾತಾಡಿದರು. ಹೆಣ್ಣು ಭೂಮಿ ಎಂದ ಒಬ್ಬ. ಹೆಣ್ಣು ನದಿ ಎಂದ ಇನ್ನೊಬ್ಬ. ಮೂರನೆಯವನಿಗೆ ಏನೂ ಉಳಿಯದೆ ಹೆಣ್ಣು ಪಂಚಭೂತ ಎಂದುಬಿಟ್ಟ. ಸಾಹೇಬರು ಬೀಳಗಿ ಕಡೆಯ ಒಕ್ಕಲು ಮನೆತನದವರು. ಮೈಕಿನ ಹೊರಗೆ ‘ಯಪ್ಪಾ, ಶೆಕಿ ಭಾಳ ಐತೆಲ್ಲೋ’ ಎನ್ನುವವರು ಮೈಕು ಸಿಕ್ಕ ಕೂಡಲೇ ‘ಸ್ತ್ರೀಯು ಸೃಷ್ಟಿಶಕ್ತಿಯ ಪ್ರತಿರೂಪವಾಗಿರುತ್ತಾಳೆ’ ಎಂದರು. ‘ಮಾತೃತ್ವ’ ಚಿತ್ರದಲ್ಲಿ ತಮಗೆ ತಮ್ಮ ತಾಯಿಯೇ ಕಂಡಳೆಂದರು. ನನ್ನ ಟಿಪ್ಪಣಿಯ ಮೊದಲ ವಾಕ್ಯವನ್ನು ಗಟ್ಟಿಯಾಗಿ ಓದಿದರು. ಚಪ್ಪಾಳೆ ಬಿತ್ತು. ಆ ಚಪ್ಪಾಳೆಗೆ ನನ್ನ ಕೈಯೂ ಸೇರಿತು, ಅಭ್ಯಾಸಬಲ.

ಅಕ್ಕನಿಗೆ ವೇದಿಕೆಯ ಮೇಲೆ ಕುರ್ಚಿ ಹಾಕಿದ್ದರು. ಅವಳು ಅಲ್ಲಿ ಕೂರದೆ ಗೋಡೆಯ ಹತ್ತಿರ ನಿಂತೇ ಇದ್ದಳು. ಸಾಹೇಬರ ಮಾತಿನ ನಡುವೆ ಪರ್‍ರ್ ಎಂದು ಬಟ್ಟೆ ಹರಿದ ಸದ್ದು ಬಂತು. ಹೀರೇಕಾಯಿಯ ಚಿತ್ರಕ್ಕೆ ಚೌಕಟ್ಟು ಇರಲಿಲ್ಲ. ಭೂಪಟದಂತೆ ಮೇಲೊಂದು ಕೋಲು ಹಾಕಿ ಹಗ್ಗದಿಂದ ನೇತುಹಾಕಿದ್ದರು. ಪಕ್ಕದ ಅಂಚಿನಲ್ಲಿ ಬಣ್ಣ ಹಚ್ಚದೆ ಉಳಿದಿದ್ದ ಬಟ್ಟೆಯನ್ನು ಅಕ್ಕ ಬೆರಳಗಲ ಸೀಳಿ ತೆಗೆದಳು. ಸ್ಟೂಲು ಎಳೆದುಕೊಂಡು ಹತ್ತಿ, ತೊಟ್ಟು ಕೋಲಿಗೆ ಸೇರುವ ಜಾಗದಲ್ಲಿ ಆ ಚಿಂದಿಯನ್ನು ಎರಡು ಸುತ್ತು ಸುತ್ತಿ ಕಟ್ಟಿದಳು. ಗಂಟನ್ನು ಹಲ್ಲಿನಿಂದ ಬಿಗಿದಳು. ಇಳಿದು ಮತ್ತೆ ಗೋಡೆಗೆ ಆತು ನಿಂತಳು. ಸಭೆಯಲ್ಲಿ ಒಂದಿಬ್ಬರು ತಿರುಗಿ ನೋಡಿ, ಮೊಳೆ ಸಡಿಲಾಗಿರಬೇಕೆಂದು ಸುಮ್ಮನಾದರು.

ಸನ್ಮಾನದ ಹೊತ್ತು ಬಂತು. ಶಾಲು, ಹಾರ, ತೆಂಗಿನಕಾಯಿ. ‘ಈಗ ಕಲಾವಿದೆಯವರು ತಮ್ಮ ಅಮೂಲ್ಯ ಕೃತಿಯನ್ನು ಅತಿಥಿಗಳಿಗೆ ಸಮರ್ಪಿಸುತ್ತಾರೆ’ ಎಂದು ಮಿತ್ರ ಮೈಕಿನಲ್ಲಿ ಹೇಳಿ, ಸಭಾಂಗಣ ಗುಡಿಸುವ ಹೆಂಗಸಿಗೆ ಚಿತ್ರ ಇಳಿಸಲು ಸನ್ನೆ ಮಾಡಿದ. ಆಕೆ ಗಲಗಲಿ ಕಡೆಯವಳು, ಅರವತ್ತರ ಮೇಲಿನವಳು. ಬೆಳಿಗ್ಗೆಯಿಂದ ಕಸಬರಿಗೆ ಹಿಡಿದು ಓಡಾಡುತ್ತಿದ್ದಳು. ಸ್ಟೂಲು ಹತ್ತಿದವಳು ಹಗ್ಗಕ್ಕೆ ಕೈ ಹಾಕಿ, ನಿಂತಳು. ಇಳಿದಳು.

‘ಒಲ್ಲೆರೀ ಯಪ್ಪಾ.’

‘ಯಾಕಬೇ, ಏನಾತು?’ ಮಿತ್ರ ಮೈಕು ಸರಿಸಿ ಕೇಳಿದ.

‘ಬೀಜಕ್ಕ ಬಿಟ್ಟದ್ದರೀ ಅದು. ಚಿಂದಿ ಕಟ್ಯಾರ.’

‘ಅದು ಚಿತ್ರಾ ಐತಬೇ. ಕಾಯಿ ಅಲ್ಲ!’

‘ಇರಲ್ರೀ. ಕಟ್ಟಿದವರು ಅಲ್ಲೇ ನಿಂತಾರ. ಅವರ ಬಿಚ್ಚಲಿ, ಆಮ್ಯಾಲ ಇಳಸ್ತೇನಿ.’

ಸಭೆಯ ಹಿಂದಿನ ಸಾಲಿನಲ್ಲಿ ಹೆಂಗಸರು ಕುತ್ತಿಗೆ ಉದ್ದ ಮಾಡಿದರು. ಬೆಳಿಗ್ಗೆಯಿಂದ ಯಾವ ಚಿತ್ರವನ್ನೂ ನೋಡದೆ ಕೂತಿದ್ದವರು ಈಗ ಎದ್ದು ನೋಡಿದರು. ‘ಹೌದ, ಕಟ್ಯಾರ ನೋಡ’ ಎಂದು ಒಬ್ಬಳು ಇನ್ನೊಬ್ಬಳಿಗೆ ತೋರಿಸಿದಳು. ಮಿತ್ರ ಬೇಸತ್ತು ತಾನೇ ಸ್ಟೂಲಿನ ಕಡೆ ನಡೆದ. ಫೋಟೋಕ್ಕೆ ಎರಡೂ ಕೈ ಮುಂದೆ ಚಾಚಿ ನಿಂತಿದ್ದ ಸಾಹೇಬರು ಕತ್ತೆತ್ತಿ ತೊಟ್ಟನ್ನು ನೋಡಿದರು. ಬಿಸಿ ಹಂಚು ಮುಟ್ಟಿದವರಂತೆ ಕೈ ಹಿಂದಕ್ಕೆ ಎಳೆದುಕೊಂಡರು.

‘ತಡೀ ತಡೀ, ಕೈ ಹಚ್ಚಬ್ಯಾಡ,’ ಎಂದರು ಮಿತ್ರನಿಗೆ. ಮೈಕಿನ ಕನ್ನಡ ಎಲ್ಲೋ ಹೋಗಿತ್ತು. ‘ಯಾರ ಕಟ್ಯಾರ ಇದನ್ನ?’

‘ನಾನರೀ,’ ಎಂದಳು ಅಕ್ಕ.

‘ಬೀಜಕ್ಕೇನ್ರೀ?’

‘ಬೀಜಕ್ಕೋ, ಎದಕ್ಕೋ. ಕಟ್ಟೇನ್ರಿ.’

‘ಹಂಗಾರ ಒಲ್ಲೆವಾ. ಸಣ್ಣಾಂವ ಇದ್ದಾಗ ಒಮ್ಮಿ ಹಿಂಥಾದ್ದು ಹರದು ನಮ್ಮವ್ವನ ಕೈಲೆ ತಿಂದ ಬಡತ ಇನ್ನೂ ಮೈಮ್ಯಾಲ ಐತಿ.’

ಸಭೆ ನಕ್ಕಿತು. ಸಾಹೇಬರೂ ನಕ್ಕರು. ಗೋಡೆಯ ಮೇಲಿನ ಮಾತೃತ್ವದಲ್ಲಿ ಕಾಣದ ತಾಯಿ ಅವರಿಗೆ ಈ ಬೆರಳಗಲದ ಚಿಂದಿಯಲ್ಲಿ ಕಂಡಿದ್ದಳೇನೋ. ಅಕ್ಕ ಪಕ್ಕದ ಗೋಡೆ ತೋರಿಸಿದಳು.

‘ಕೂಳಿ ಕಬ್ಬ ಒಯ್ರಿ ಸಾಹೇಬ್ರ. ಅದು ಕಡದಷ್ಟೂ ಬರ್ತೈತಿ.’

ಹಾಗೆ ಸಾಹೇಬರ ಸೋಫಾದ ಮೇಲಿನ ಜಾಗಕ್ಕೆ ಕಬ್ಬು ಹೋಯಿತು. ‘ಕೊಡುವುದಿಲ್ಲ’ ಎಂದು ನಾನು ಫೋನಿನಲ್ಲಿ ಹೇಳಬಹುದಾಗಿದ್ದ ಮಾತನ್ನು ಗುಡಿಸುವ ಹೆಂಗಸೊಬ್ಬಳು ಹೇಳಿದಳು. ಆಗ ನಾನು ಶಾಲಿನ ತಟ್ಟೆ ಹಿಡಿದು ನಿಂತಿದ್ದೆ. ಯೂನಿವರ್ಸಿಟಿ ಮೆಟ್ಟಿಲು ಹತ್ತದ ಆಕೆಗೆ ಚಿತ್ರ ಓದಲು ಒಂದು ಉಸಿರಿನಷ್ಟು ಹೊತ್ತು ಸಾಕಾಯಿತು. ನನಗೆ ನೋಟುಪುಸ್ತಕ ಬೇಕಾಗಿತ್ತು.

ಕಾರ್ಯಕ್ರಮ ಮುಗಿದ ಮೇಲೆ ಹೊರಗೆ ಬೇವಿನ ನೆರಳಲ್ಲಿ ಚಹಾ. ಮಾವ ಬಶಿಗೆ ಸುರಿದುಕೊಂಡು ಊದುತ್ತಿದ್ದ. ಈ ಮನುಷ್ಯನನ್ನು ನನ್ನ ಕಥೆಯಲ್ಲಿ ಇಷ್ಟು ವರ್ಷ ಖಳನನ್ನಾಗಿ ಇಟ್ಟಿದ್ದೆ. ಅವನ ಮನೆಯ ಊಟ ಮಾತ್ರ ಬಿಟ್ಟಿರಲಿಲ್ಲ.

‘ಲೇ ಅಳಿಯಾ,’ ಎಂದ. ‘ನೀ ಬರದದ್ದು ಓದಿದ್ನಿ. ಸುಳ್ಳ ಐತಿ. ಆ ಚಿಂದಿ ಬಿಚ್ಚಿದಾಂವ ನಾನು.’

ಅಕ್ಕ ಕಪ್ಪು ಕೆಳಗಿಟ್ಟಳು.

‘ಖರೇನ ಹೇಳ್ತೇನಿ. ನನಗೂ ಮನಸ್ ಇದ್ದಿಲ್ಲ. ನಮ್ಮವ್ವನ ಮುಂದ, ನಿಮ್ಮ ಆಯಿ ಮುಂದ, ಹೇಳೂ ಧೈರ್ಯ ಎಲ್ಲಿತ್ತು? ಹಿತ್ತಲಕ ಹೋಗಿ ಬಿಚ್ಚಿ ಒಗದ್ನಿ. ಹಳದಿ ಚಿಂದಿ, ಅವ್ವನ ಹಳೇ ಸೀರಿದು.’

‘ಕೆಂಪ ಇತ್ತು,’ ಎಂದೆ ನಾನು.

‘ಯಾವ ಹೀರಿಕಾಯೋ?’ ಎಂದಳು ಕುರ್ಚಿಯಲ್ಲಿ ಕೂತಿದ್ದ ಅವ್ವ. ಆಕೆಗೆ ಕಿವಿ ಮಂದ, ಆದರೆ ಬೇಕಾದದ್ದು ಕೇಳಿಸುತ್ತದೆ. ‘ನಮ್ಮ ಹಿತ್ತಲದಾಗ ಹೀರಿ ಬಳ್ಳಿ ಎಲ್ಲಿತ್ತು? ಅವರಿ ಬಳ್ಳಿ ಇತ್ತು.’

ಅಕ್ಕ ನನ್ನನ್ನೂ ಮಾವನನ್ನೂ ಒಬ್ಬರಾದ ಮೇಲೊಬ್ಬರನ್ನು ನೋಡಿದಳು. ಕೋಪ ಬರುತ್ತದೆಂದು ಕಾದೆ. ಅವಳಿಗೆ ನಗು ಬಂತು, ಸೆರಗು ಬಾಯಿಗೆ ಒತ್ತಿಕೊಳ್ಳುವಷ್ಟು.

‘ಆತು. ನೀನೂ ಬಿಚ್ಚಿದಿ, ಅವರೂ ಬಿಚ್ಚಿದ್ರು. ಮನ್ಯಾಗಿನ ಗಂಡಸರೆಲ್ಲಾ ಬಿಚ್ಚಿದ್ರಿ. ಮತ್ತ ನಾ ಹ್ಯಾಂಗೋ ಕಟ್ಟಿದಂಗ ಉಳದ್ನಿ?’

ಮಾವ ಬಶಿಯೊಳಗೆ ನೋಡಿದ. ನಾನು ಬೇವಿನ ಮರ ನೋಡಿದೆ. ಯಾರು ಬಿಚ್ಚಿದರೆಂದು ನನಗೆ ಇವತ್ತಿಗೂ ತಿಳಿಯದು. ಸಾಕ್ಷಿಗಳು ಮೂವರು, ಬಣ್ಣ ಎರಡು, ಕಾಯಿ ಇರಲೇ ಇಲ್ಲ ಎನ್ನುವ ನಾಲ್ಕನೆಯವಳು ಬೇರೆ. ವಿದ್ಯಾರ್ಥಿಯೊಬ್ಬ ಇಂಥ ಆಧಾರ ತಂದಿದ್ದರೆ ಹಿಂದಕ್ಕೆ ಕಳಿಸುತ್ತಿದ್ದೆ. ಆದರೆ ಏಟು ತಿಂದವಳು ಯಾರು ಎಂಬುದರ ಬಗ್ಗೆ ಯಾವ ಸಾಕ್ಷಿಗೂ ತಕರಾರಿರಲಿಲ್ಲ. ಅದಾದ ಮೇಲೂ ನಿಶ್ಚಯದ ದಿನ ಮುಂದೆ ಹೋಗಲಿಲ್ಲ ಎಂಬುದರ ಬಗ್ಗೆಯೂ.

ನಾನು ಒಳಗೆ ಹೋಗಿ ‘ಮಾತೃತ್ವ’ದ ಚೀಟಿ ಕಿತ್ತೆ. ಟಿಪ್ಪಣಿಯ ಹಲಗೆಯನ್ನೂ ಇಳಿಸಿದೆ. ಅಂಟು ಗಟ್ಟಿಯಾಗಿತ್ತು, ಗೋಡೆಯ ಸುಣ್ಣವೂ ಕಿತ್ತುಬಂತು. ಗುಡಿಸುವಾಕೆ ‘ಇದನ್ನೇನ ಮಾಡ್ಲಿರಿ?’ ಎಂದಳು. ಗುಡಿಸಿಬಿಡಿ ಎಂದೆ. ಅಕ್ಕ ತಾನೇ ಸ್ಟೂಲು ಹತ್ತಿ, ಚಿಂದಿ ಬಿಚ್ಚದೆಯೇ ಕೋಲಿನ ಸಮೇತ ಹೀರೇಕಾಯಿಯನ್ನು ಇಳಿಸಿದಳು.

ಟೆಂಪೋದಲ್ಲಿ ಅವ್ವ ಮತ್ತು ಮಾವ ಮುಂದೆ ಕೂತರು. ಅಕ್ಕ, ನಾನು ಹಿಂದೆ ಚಿತ್ರಗಳ ಜೊತೆ ಕೂತೆವು. ಹೀರೇಕಾಯಿಯನ್ನು ಸುರುಳಿ ಸುತ್ತಿ ಅವಳು ತೊಡೆಯ ಮೇಲೆ ಅಡ್ಡ ಹಿಡಿದುಕೊಂಡಿದ್ದಳು. ಬನಹಟ್ಟಿ ದಾರಿಯಲ್ಲಿ ಕಬ್ಬಿನ ಲಾರಿಯೊಂದು ಎದುರಾದಾಗ ಗಾಳಿ ಬೀಸಿತು. ಸುರುಳಿಯ ತುದಿಯಿಂದ ಹೊರಬಂದ ಚಿಂದಿ ಪಟಪಟ ಹೊಡೆದುಕೊಂಡಿತು. ಹಾರಿಹೋದೀತೆಂದು ಒಳಗೆ ಸೇರಿಸಲು ಕೈ ಚಾಚಿದೆ.

‘ಮುಟ್ಟಬ್ಯಾಡ,’ ಎಂದಳು ಅಕ್ಕ.

ಕೈ ಹಿಂದಕ್ಕೆ ತೆಗೆದುಕೊಂಡೆ.